ಫಾರೆಸ್ಟ್ ಪಾರ್ಕ್, ಪೋರ್ಟ್‌ಲ್ಯಾಂಡ್

ಅಮೆರಿಕ ಸಂಯುಕ್ತ ಸಂಸ್ಥಾನದ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ವಾಯವ್ಯ ಭಾಗದಲ್ಲಿರುವ ಸಾರ್ವಜನಿಕ ಅರಣ್ಯ. ವಿಲಾಮೆಟ್ ನದಿಯ ಪಶ್ಚಿಮಕ್ಕೆ ಎದ್ದಿರುವ ಟುವಾಲಟಿನ್ ಬೆಟ್ಟಸಾಲಿನ ಪೂರ್ವದ ಇಳಿಜಾರಿನಲ್ಲಿ ಸುಮಾರು 11 ಕಿಮೀ ಉದ್ದಕ್ಕೆ ಹಬ್ಬಿದೆ. ವಿಸ್ತೀರ್ಣ ಸುಮಾರು 5,200 ಎಕರೆ. ಅಮೆರಿಕದಲ್ಲಿ ನಗರದ ಮಿತಿಯೊಳಗೇ ಉಳಿದಿರುವ ಅತಿ ದೊಡ್ಡ ಕಾಡುಗಳಲ್ಲಿ ಇದೂ ಒಂದು. ಕಾಲುಹಾದಿ, ಹಳೆಯ ಮಣ್ಣುರಸ್ತೆ, ಬೆಂಕಿ ರೇಖೆ (ಕಾಡ್ಗಿಚ್ಚು ತಡೆಯಲೆಂದು ತೆರವು ಮಾಡಿದ ದಾರಿ) ಎಲ್ಲವೂ ಸೇರಿ ಇಲ್ಲಿ 80 ಮೈಲಿಗೂ (ಸುಮಾರು 130 ಕಿಮೀ) ಹೆಚ್ಚು ದಾರಿಯಿದೆ. ನಡಿಗೆ, ಓಟ, ಸೈಕಲ್ ಸವಾರಿ, ಕುದುರೆ ಸವಾರಿ, ಪಕ್ಷಿವೀಕ್ಷಣೆಗಳಿಗೆ ಜನ ವರ್ಷವಿಡೀ ಬರುತ್ತಾರೆ. ಆಡಳಿತ ನಗರದ ಉದ್ಯಾನ ಇಲಾಖೆಯದು.

ನೆಲ ಮತ್ತು ಜೀವಸಂಪತ್ತು

ಬೆಟ್ಟದ ಬುಡದಲ್ಲಿರುವುದು ಬಸಾಲ್ಟ್ ಶಿಲೆ. ಅದರ ಮೇಲೆ ಗಾಳಿ ಹೊತ್ತು ತಂದ ನುಣ್ಣನೆಯ ಮಣ್ಣು ದಪ್ಪನಾಗಿ ಕೂತಿದೆ. ಚಳಿಗಾಲದ ಮಳೆಯಲ್ಲಿ ಈ ಮಣ್ಣು ನೀರು ಕುಡಿದು ಸಡಿಲವಾಗುತ್ತದೆ, ಕಡಿದಾದ ಕಡೆಗಳಲ್ಲಿ ಗುಡ್ಡ ಜರಿಯುತ್ತದೆ. ಇಲ್ಲಿ ಬಡಾವಣೆ ಏಳದೆ ಕಾಡು ಉಳಿದುದಕ್ಕೆ ಈ ಅಸ್ಥಿರ ನೆಲವೂ ಒಂದು ಮುಖ್ಯ ಕಾರಣ.

ಡಗ್ಲಸ್ ಫರ್, ವೆಸ್ಟರ್ನ್ ಹೆಮ್‌ಲಾಕ್, ವೆಸ್ಟರ್ನ್ ರೆಡ್ ಸೀಡರ್ ಇಲ್ಲಿನ ಪ್ರಮುಖ ಸೂಚಿಪರ್ಣಿ ಮರಗಳು. ಹಿಂದೆ ಮರ ಕಡಿದ ಜಾಗಗಳಲ್ಲಿ ಅಗಲ ಎಲೆಯ ಮೇಪಲ್ ಮತ್ತು ಆಲ್ಡರ್ ಮರಗಳು ಬೆಳೆದಿವೆ. ಹೀಗಾಗಿ ಕಾಡಿನ ಬಹುಭಾಗ ಮರುಬೆಳವಣಿಗೆಯದೇ. ನೆಲದ ತುಂಬ ಜರಿಗಿಡಗಳು. ವಸಂತದಲ್ಲಿ ಮೂರು ಎಸಳಿನ ಬಿಳಿಯ ಟ್ರಿಲಿಯಮ್ ಹೂ ಅರಳುತ್ತದೆ. ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ಪೈಲಿಯೇಟೆಡ್ ಮರಕುಟಿಗ ಮತ್ತು ಪುಟ್ಟ ಪಿಗ್ಮಿ ಗೂಬೆ ಸೇರಿವೆ. ಕಪ್ಪು ಬಾಲದ ಜಿಂಕೆ, ಕಯೋಟಿ, ಬಾಬ್‌ಕ್ಯಾಟ್ ಕೂಡ ಇವೆ. ಉತ್ತರದ ತುದಿಯಲ್ಲಿ ಈ ಕಾಡು ಕರಾವಳಿ ಬೆಟ್ಟಗಳ ಕಡೆಯ ಗ್ರಾಮೀಣ ಕಾಡುಗಳಿಗೆ ಹೊಂದಿಕೊಂಡಿರುವುದರಿಂದ ಪ್ರಾಣಿಗಳ ಓಡಾಟಕ್ಕೆ ದಾರಿ ಪೂರ್ತಿ ಕಡಿದುಹೋಗಿಲ್ಲ.

ದಕ್ಷಿಣದಲ್ಲಿ ಹರಿಯುವ ಬಾಲ್ಚ್ ತೊರೆಯಲ್ಲಿ ಸ್ಥಳೀಯ ಕಟ್‌ತ್ರೋಟ್ ಟ್ರೌಟ್ ಮೀನುಗಳಿವೆ. ಈ ತೊರೆ ಕಾಡು ದಾಟಿದೊಡನೆ ನೆಲದಡಿಯ ಕೊಳವೆಗೆ ಇಳಿದು ನದಿ ಸೇರುತ್ತದೆ. ಆದ್ದರಿಂದ ಮೀನುಗಳಿಗೂ ನದಿಗೂ ಸಂಪರ್ಕ ತಪ್ಪಿದೆ.

ಇತಿಹಾಸ

1897ರಲ್ಲಿ ವರ್ತಕ ಡೊನಾಲ್ಡ್ ಮೆಕ್ಲೇ ಬಾಲ್ಚ್ ತೊರೆಯ ಕಣಿವೆಯ ಜಮೀನನ್ನು ನಗರಕ್ಕೆ ದಾನವಾಗಿ ಕೊಟ್ಟರು. ಅದೇ ಇಂದಿನ ಮೆಕ್ಲೇ ಪಾರ್ಕ್. 1903ರಲ್ಲಿ ಭೂದೃಶ್ಯ ಶಿಲ್ಪಿ ಜಾನ್ ಚಾರ್ಲ್ಸ್ ಓಮ್‌ಸ್ಟೆಡ್ ನಗರದ ಉದ್ಯಾನ ಮಂಡಳಿಗೆ ವರದಿ ಸಲ್ಲಿಸಿ, ಪಶ್ಚಿಮದ ಬೆಟ್ಟಗಳ ಕಾಡನ್ನು ಕಾಡಾಗಿಯೇ ಕೊಂಡಿಟ್ಟುಕೊಳ್ಳಬೇಕೆಂದೂ ಉದ್ಯಾನಗಳನ್ನು ಒಂದಕ್ಕೊಂದು ಜೋಡಿಸಬೇಕೆಂದೂ ಸಲಹೆ ಮಾಡಿದರು. ಸಲಹೆ ಕೂಡಲೇ ಜಾರಿಗೆ ಬರಲಿಲ್ಲ.

1914–15ರ ಸುಮಾರಿಗೆ ನಿವೇಶನ ಮಾರುವ ಉದ್ದೇಶದಿಂದ ಬೆಟ್ಟದ ಮೈಯಲ್ಲಿ ಉದ್ದನೆಯ ರಸ್ತೆ ಕಡಿಯಲಾಯಿತು. ಗುಡ್ಡ ಜರಿದು ರಸ್ತೆ ಹಾಳಾಯಿತು. ದುರಸ್ತಿಯ ವೆಚ್ಚವೂ ಅಭಿವೃದ್ಧಿ ಶುಲ್ಕವೂ ಭಾರವಾಗಿ ಎಷ್ಟೋ ನಿವೇಶನದಾರರು ಜಾಗವನ್ನೇ ಬಿಟ್ಟುಕೊಟ್ಟರು, ಸುಮಾರು 1,400 ಎಕರೆ ನಗರದ ವಶಕ್ಕೆ ಬಂತು. ಆ ರಸ್ತೆಗೆ 1933ರಲ್ಲಿ ಲೀಫ್ ಎರಿಕ್ಸನ್ ಡ್ರೈವ್ ಎಂದು ಹೆಸರಿಡಲಾಯಿತು.

1940ರ ದಶಕದಲ್ಲಿ ಪೋರ್ಟ್‌ಲ್ಯಾಂಡ್ ಸಿಟಿ ಕ್ಲಬ್ ಎಂಬ ನಾಗರಿಕ ಸಂಘಟನೆ ಕಾಡಿನ ಪರ ನಿಂತಿತು. ಅರಣ್ಯಶಾಸ್ತ್ರಜ್ಞ ಥಾರ್ನ್‌ಟನ್ ಮಂಗರ್ ಅವರಂಥವರು ಮುಂದಾಳತ್ವ ವಹಿಸಿದರು. ಓಮ್‌ಸ್ಟೆಡ್ ವರದಿ ಬಂದು 45 ವರ್ಷಗಳ ಮೇಲೆ, 1948ರ ಸೆಪ್ಟೆಂಬರ್‌ನಲ್ಲಿ, ಸುಮಾರು 4,200 ಎಕರೆಯ ಫಾರೆಸ್ಟ್ ಪಾರ್ಕ್ ಅಧಿಕೃತವಾಗಿ ಲೋಕಾರ್ಪಣೆಯಾಯಿತು. ನಡುನಡುವೆ ಉಳಿದಿದ್ದ ಖಾಸಗಿ ಜಮೀನುಗಳನ್ನು ಮುಂದೆ ಒಂದೊಂದಾಗಿ ಕೊಳ್ಳುತ್ತ ಬಂದುದರಿಂದ ವಿಸ್ತೀರ್ಣ ಇಂದಿನ ಮಟ್ಟ ಮುಟ್ಟಿತು.

ಹಾದಿಗಳು

ವೈಲ್ಡ್‌ವುಡ್ ಹಾದಿ ಇಲ್ಲಿನ ಬೆನ್ನೆಲುಬು. ಉದ್ದ 30.2 ಮೈಲಿ (48.6 ಕಿಮೀ). ವಾಷಿಂಗ್ಟನ್ ಪಾರ್ಕಿನಲ್ಲಿ ಶುರುವಾಗಿ ಹೊಯ್ಟ್ ಸಸ್ಯೋದ್ಯಾನ, ಪಿಟಕ್ ಮ್ಯಾನ್ಶನ್, ಬಾಲ್ಚ್ ಕಣಿವೆಗಳನ್ನು ಹಾದು ಉತ್ತರದ ನ್ಯೂಬೆರಿ ರಸ್ತೆಯ ಬಳಿ ಮುಗಿಯುತ್ತದೆ. ಕಣಿವೆ ಕಣಿವೆಗೂ ಒಳಸರಿದು ಹೊರಬರುವ ಈ ಹಾದಿಯಲ್ಲಿ ಏರಿಳಿತ ಬಹುಪಾಲು ಸೌಮ್ಯ. ಕಾಲು ಮೈಲಿಗೊಂದರಂತೆ ಮರಗಳ ಮೇಲಿರುವ ನೀಲಿ ವಜ್ರಾಕಾರದ ಗುರುತು ನೋಡಿ ನಡೆದ ದೂರ ತಿಳಿಯಬಹುದು. ಹೆಚ್ಚಿನವರು ಒಂದೊಂದು ತುಂಡನ್ನು ನಡೆದರೆ, ಇಡೀ ಹಾದಿಯನ್ನು ಒಂದೇ ದಿನದಲ್ಲಿ ಓಡಿ ಮುಗಿಸುವವರೂ ಇದ್ದಾರೆ.

ಲೀಫ್ ಎರಿಕ್ಸನ್ ಡ್ರೈವ್ ಸುಮಾರು 11 ಮೈಲಿ (18 ಕಿಮೀ) ಉದ್ದವಿದ್ದು, ಈಗ ಮೋಟಾರು ವಾಹನಗಳಿಗೆ ಮುಚ್ಚಿದೆ. ಅಗಲವಾಗಿ, ಹೆಚ್ಚು ಕಡಿದಾಗಿರದೆ ಸಾಗುವುದರಿಂದ ಸೈಕಲ್ ಸವಾರರೂ ಜೊತೆಗೂಡಿ ನಡೆಯುವವರೂ ಇದನ್ನು ಇಷ್ಟಪಡುತ್ತಾರೆ. ಇದಕ್ಕೂ ವೈಲ್ಡ್‌ವುಡ್ ಹಾದಿಗೂ ನಡುವೆ ಅಡ್ಡಹಾದಿಗಳೂ ಸಂಖ್ಯೆಯಿಟ್ಟ ಬೆಂಕಿ ರೇಖೆಗಳೂ ಇವೆ. ಬೇಕಾದಷ್ಟೇ ದೂರದ ಸುತ್ತು ಹಾಕಿ ಹೊರಟ ಜಾಗಕ್ಕೇ ಮರಳಲು ಇದರಿಂದ ಅನುಕೂಲ.

ಲೋವರ್ ಮೆಕ್ಲೇ ಹಾದಿ ಹೊಸಬರಿಗೆ ಒಳ್ಳೆಯ ಆರಂಭ. ಬಾಲ್ಚ್ ತೊರೆಯ ಬದಿಯಲ್ಲೇ ಹತ್ತುತ್ತ ಹೋದರೆ 1930ರ ದಶಕದಲ್ಲಿ ಸಾರ್ವಜನಿಕ ಶೌಚಾಲಯವಾಗಿ ಕಟ್ಟಿ, 1962ರ ಬಿರುಗಾಳಿಯಲ್ಲಿ ಹಾಳಾದ ಕಲ್ಲುಮನೆ ಸಿಗುತ್ತದೆ. ಅಲ್ಲಿಂದ ಮೇಲೇರಿದರೆ 1914ರಲ್ಲಿ ಪತ್ರಿಕಾ ಮಾಲೀಕ ಹೆನ್ರಿ ಪಿಟಕ್ ಕಟ್ಟಿಸಿದ ಮಹಲು, ಪಿಟಕ್ ಮ್ಯಾನ್ಶನ್. ಮೋಡವಿಲ್ಲದ ದಿನ ಅದರ ಅಂಗಳದಿಂದ ನಗರವೂ ಹಿಮ ಹೊದ್ದ ಮೌಂಟ್ ಹುಡ್ ಶಿಖರವೂ ಕಾಣುತ್ತವೆ.

ನಗರದೊಂದಿಗಿನ ಜೋಡಣೆ

ಈ ಕಾಡಿನ ಹಾದಿಗಳು ‘40 ಮೈಲಿ ಸುತ್ತು’ ಎಂಬ ಜಾಲದ ಭಾಗ. 1903ರ ವರದಿಯ ಆಶಯದಿಂದ ಹುಟ್ಟಿದ ಈ ಜಾಲದ ಯೋಜಿತ ಉದ್ದ ಈಗ 140 ಮೈಲಿಯಷ್ಟಾಗಿದೆ, ಹೆಸರು ಮಾತ್ರ ಹಳೆಯದೇ. ಹಳೆಯ ರೈಲುಮಾರ್ಗದ ಮೇಲೆ ಮಾಡಿದ ಸ್ಪ್ರಿಂಗ್‌ವಾಟರ್ ಕಾರಿಡಾರ್ ಮತ್ತು ವಿಲಾಮೆಟ್ ನದಿಯ ಪೂರ್ವ ದಡದ ಕಾಲುದಾರಿ ಇದರ ಇತರ ಕೊಂಡಿಗಳು. ವೈಲ್ಡ್‌ವುಡ್ ಹಾದಿಯಲ್ಲಿ ಸಾಗುವವರು ಬಹುಕಾಲ ವಾಹನಗಳ ನಡುವೆ ಬರ್ನ್‌ಸೈಡ್ ರಸ್ತೆಯನ್ನು ಓಡಿ ದಾಟಬೇಕಿತ್ತು. 2019ರಲ್ಲಿ ಅಲ್ಲಿ ಪಾದಚಾರಿ ಸೇತುವೆ ತೆರೆಯಿತು. ಈ ಜಾಲಕ್ಕಾಗಿ ದುಡಿದ ಬಾರ್ಬರಾ ವಾಕರ್ ಅವರ ಹೆಸರನ್ನೇ ಅದಕ್ಕಿಡಲಾಗಿದೆ. ಕಾರಿಲ್ಲದವರೂ ಇಲ್ಲಿಗೆ ಬರಬಹುದು. ವಾಷಿಂಗ್ಟನ್ ಪಾರ್ಕಿನ ರೈಲು ನಿಲ್ದಾಣ ನೆಲದಿಂದ ಸುಮಾರು 79 ಮೀಟರ್ ಆಳದಲ್ಲಿದ್ದು, ಲಿಫ್ಟಿನಲ್ಲಿ ಮೇಲೆ ಬಂದರೆ ಹಾದಿಯ ಆರಂಭ ಸಮೀಪದಲ್ಲೇ ಇದೆ.

ನಿಯಮಗಳು ಮತ್ತು ಸಂರಕ್ಷಣೆ

ವೈಲ್ಡ್‌ವುಡ್ ಹಾದಿ ಕಾಲ್ನಡಿಗೆಯವರಿಗಷ್ಟೇ ಮೀಸಲು. ಸೈಕಲ್ ಮತ್ತು ಕುದುರೆಗಳಿಗೆ ಲೀಫ್ ಎರಿಕ್ಸನ್ ಡ್ರೈವ್ ಹಾಗೂ ಗೊತ್ತುಮಾಡಿದ ಕೆಲವು ರಸ್ತೆ, ಬೆಂಕಿ ರೇಖೆಗಳಲ್ಲಿ ಅವಕಾಶವಿದೆ. ಕಿರುಹಾದಿಗಳನ್ನೂ ತೆರೆಯಬೇಕೆಂಬ ಸೈಕಲ್ ಸವಾರರ ಬೇಡಿಕೆ ಹಳೆಯದು. ಮಣ್ಣಿನ ಸವೆತ ಮತ್ತು ನಡೆಯುವವರ ಸುರಕ್ಷತೆಯ ಕಾರಣಕ್ಕೆ ಅದಕ್ಕೆ ವಿರೋಧವೂ ಇದೆ. ನಾಯಿಗಳನ್ನು ಹಗ್ಗ ಕಟ್ಟಿಯೇ ಕರೆತರಬೇಕು. ಬೆಂಕಿ ಹಾಕುವುದಕ್ಕೂ ಬಿಡಾರ ಹೂಡುವುದಕ್ಕೂ ಅನುಮತಿಯಿಲ್ಲ.

ಮರಗಳಿಗೆ ಹಬ್ಬಿ ನೆಲವನ್ನೂ ಮುಚ್ಚುವ ಇಂಗ್ಲಿಷ್ ಐವಿ ಬಳ್ಳಿ ಈ ಕಾಡಿನ ದೊಡ್ಡ ಪಿಡುಗು. ಮನೆಯಂಗಳಗಳ ಅಲಂಕಾರಕ್ಕೆ ತಂದ ಬಳ್ಳಿ ಕಾಡಿಗೆ ನುಗ್ಗಿ ಎಳೆಯ ಸಸಿಗಳಿಗೆ ಬೆಳಕು ಸಿಗದಂತೆ ಮಾಡಿದೆ. ಇದನ್ನು ಕೀಳಲು 1994ರಿಂದ ‘ನೋ ಐವಿ ಲೀಗ್’ ಕೆಲಸ ನಡೆಯಿತು. 1989ರಲ್ಲಿ ಸ್ಥಾಪನೆಯಾದ ಇಂದಿನ ಫಾರೆಸ್ಟ್ ಪಾರ್ಕ್ ಕನ್ಸರ್ವೆನ್ಸಿಯ ಸ್ವಯಂಸೇವಕರು ಹಾದಿ ದುರಸ್ತಿ, ಕಳೆ ಕೀಳುವುದು, ಸ್ಥಳೀಯ ಗಿಡ ನೆಡುವುದರಲ್ಲಿ ತೊಡಗಿದ್ದಾರೆ. ನಗರದ ಉದ್ಯಾನ ಇಲಾಖೆಯ ಜೊತೆಗೆ ಈ ನಾಗರಿಕರ ದುಡಿಮೆಯೂ ಸೇರಿರುವುದರಿಂದಲೇ ಇಷ್ಟು ದೊಡ್ಡ ಕಾಡು ಪ್ರವೇಶ ಶುಲ್ಕವಿಲ್ಲದೆ ಎಲ್ಲರಿಗೂ ತೆರೆದಿದೆ.