ಕೊಪ್ಪ, ಶೃಂಗೇರಿ, ನರಸಿಂಹರಾಜಪುರ: ಮಲೆನಾಡಿನ ಲೋಕಸಭಾ ಕ್ಷೇತ್ರದ ಚರಿತ್ರೆ ಮತ್ತು ಫಲಿತಾಂಶಗಳು

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಮುಖ್ಯವಾಗಿ ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ಶೃಂಗೇರಿ ಕ್ಷೇತ್ರವು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. 2008ಕ್ಕೆ ಮೊದಲು ಈ ಭಾಗದ ಜನರು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಮತದಾರರಾಗಿದ್ದರು. ಶ್ರೀ ಜ್ವಾಲಾಮಾಲಿನಿ ದೇವಿಯ ಕ್ಷೇತ್ರವಾದ ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ ರಾಜ್ಯದ ಎಲ್ಲ ಕಡೆಯಿಂದ ಶ್ರಾವಕ ಬಂಧುಗಳು ಬರುತ್ತಾರೆ. ಆದರೆ ಈ ಊರುಗಳನ್ನು ದೆಹಲಿಯಲ್ಲಿ ಪ್ರತಿನಿಧಿಸಿದವರು ಯಾರು, ಇಲ್ಲಿಯ ಜನ ಯಾವ ಕಾಲದಲ್ಲಿ ಯಾವ ಕಡೆ ಒಲಿದರು ಎಂಬ ವಿವರ ಒಂದೇ ಕಡೆ ಸಿಗುವುದು ಕಡಿಮೆ. ಆ ವಿವರವನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಆರಂಭದ ವರ್ಷಗಳು

1952ರ ಮೊದಲ ಮಹಾಚುನಾವಣೆಯಲ್ಲಿ ಮೈಸೂರು ರಾಜ್ಯದಲ್ಲಿ ಹಾಸನ-ಚಿಕ್ಕಮಗಳೂರು ಎಂಬ ಜಂಟಿ ಲೋಕಸಭಾ ಕ್ಷೇತ್ರವಿತ್ತು. ಅಲ್ಲಿಂದ ಕಾಂಗ್ರೆಸ್ಸಿನ ಎಚ್. ಸಿದ್ಧನಂಜಪ್ಪ ಆಯ್ಕೆಯಾದರು. 1967ರ ಚುನಾವಣೆಯಲ್ಲಿ ಚಿಕ್ಕಮಗಳೂರು ಕ್ಷೇತ್ರದಿಂದ ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡ ಗೆದ್ದರು. ಆ ಕಾಲಕ್ಕೆ ಮಲೆನಾಡಿನಲ್ಲಿ ಸಮಾಜವಾದಿಗಳ ಬಲ ದೊಡ್ಡದಿತ್ತು. ನೆರೆಯ ತೀರ್ಥಹಳ್ಳಿಯಲ್ಲಿ ಶಾಂತವೇರಿ ಗೋಪಾಲಗೌಡರು ಶಾಸಕರಾಗಿದ್ದರು. 1951ರ ಕಾಗೋಡು ಸತ್ಯಾಗ್ರಹದ ನಂತರ ಗೇಣಿದಾರರ ಪ್ರಶ್ನೆ ಈ ಭಾಗದ ರಾಜಕೀಯದ ಮುಖ್ಯ ಪ್ರಶ್ನೆಯಾಗಿತ್ತು.

1971ರಲ್ಲಿ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು ಗೆದ್ದರು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರಾದ ಅವರು 1977ರಲ್ಲಿ ಮತ್ತೆ ಆಯ್ಕೆಯಾದರು. ತುರ್ತು ಪರಿಸ್ಥಿತಿಯ ನಂತರದ ಆ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿ, ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ಸೋತರು. ಕರ್ನಾಟಕದಲ್ಲಿ ಮಾತ್ರ ಆ ಪಕ್ಷ 28ರಲ್ಲಿ 26 ಸ್ಥಾನ ಗೆದ್ದಿತು. ಡಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಇದಕ್ಕೆ ಒಂದು ಮುಖ್ಯ ಕಾರಣ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಉಳುವವನಿಗೆ ಹೊಲ ಸಿಕ್ಕಿತು. ಗೇಣಿಯನ್ನೇ ನಂಬಿದ್ದ ಮನೆತನಗಳ, ಮಠ, ದೇವಸ್ಥಾನ ಮತ್ತು ಬಸದಿಗಳ ಆದಾಯ ಕುಗ್ಗಿತು. ಒಂದೇ ಕಾನೂನು ಊರಿನ ಒಂದು ಮನೆಗೆ ನೆಲೆ ಕೊಟ್ಟರೆ ಇನ್ನೊಂದು ಮನೆಯ ನೆಲೆ ತಪ್ಪಿಸಿತು.

1978ರ ಉಪಚುನಾವಣೆ

ಈ ಕ್ಷೇತ್ರದ ಹೆಸರು ದೇಶದಾಚೆಗೂ ಕೇಳಿಬಂದದ್ದು 1978ರಲ್ಲಿ. ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಲು ಸುರಕ್ಷಿತ ಸ್ಥಾನವೊಂದು ಬೇಕಾಗಿತ್ತು. ಚಂದ್ರೇಗೌಡರು ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಕ್ಷೇತ್ರ ತೆರವು ಮಾಡಿದರು. ಜನತಾ ಪಕ್ಷವು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಕಣಕ್ಕಿಳಿಸಿತು. ಕೇಂದ್ರ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್ ಸ್ವತಃ ಬಂದು ಪಾಟೀಲರ ಪರ ಪ್ರಚಾರ ನಡೆಸಿದರು. ಮಳೆ ಹಿಂದೆಗೆದ ದಿನಗಳಲ್ಲಿ ಘಟ್ಟದ ರಸ್ತೆಗಳ ತುಂಬ ಜೀಪುಗಳು, ಪತ್ರಕರ್ತರು, ಉತ್ತರ ಭಾರತದ ಕಾರ್ಯಕರ್ತರು ಓಡಾಡಿದರು.

ನವೆಂಬರ್ 5ರಂದು ಮತದಾನ ನಡೆಯಿತು. ಇಂದಿರಾ ಗಾಂಧಿಯವರಿಗೆ 2,49,376 ಮತ, ವೀರೇಂದ್ರ ಪಾಟೀಲರಿಗೆ 1,72,043 ಮತ ಬಂದವು. ಅಂತರ 77,333. ಆದರೆ ಈ ಗೆಲುವಿನ ಫಲ ಕ್ಷೇತ್ರಕ್ಕೆ ಬಹಳ ದಿನ ಉಳಿಯಲಿಲ್ಲ. ಅವರು ಪ್ರಧಾನಿಯಾಗಿದ್ದಾಗ ಮಾರುತಿ ಕಂಪನಿಯ ಕುರಿತ ಪ್ರಶ್ನೆಯೊಂದಕ್ಕೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿ ಪ್ರಕರಣದಲ್ಲಿ, 1978ರ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಗೆದ್ದ ಒಂದೂವರೆ ತಿಂಗಳೊಳಗೇ ಚಿಕ್ಕಮಗಳೂರಿಗೆ ಸಂಸದರಿಲ್ಲದಂತಾಯಿತು. 1981ರ ಮೇ 7ರಂದು ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು. ಆ ಹೊತ್ತಿಗೆ ಇಂದಿರಾ ಗಾಂಧಿ ಮತ್ತೆ ಪ್ರಧಾನಿಯಾಗಿದ್ದರು. 1980ರಲ್ಲಿ ಅವರು ನಿಂತದ್ದು ರಾಯಬರೇಲಿ ಮತ್ತು ಮೇದಕ್‌ನಿಂದ, ಚಿಕ್ಕಮಗಳೂರಿನಿಂದ ಅಲ್ಲ. ಅವರ ಎದುರು ಸೋತ ವೀರೇಂದ್ರ ಪಾಟೀಲರು ಮುಂದೆ ಅವರದೇ ಪಕ್ಷ ಸೇರಿ, 1989ರಲ್ಲಿ ಎರಡನೇ ಬಾರಿ ಮುಖ್ಯಮಂತ್ರಿಯಾದರು.

1980ರಿಂದ 2004

1980ರಲ್ಲಿ ಇಂದಿರಾ ಕಾಂಗ್ರೆಸ್ಸಿನ ಡಿ.ಎಂ. ಪುಟ್ಟೇಗೌಡ, 1984ರಲ್ಲಿ ಅದೇ ಪಕ್ಷದ ಡಿ.ಕೆ. ತಾರಾದೇವಿ, 1989ರಲ್ಲಿ ಪುನಃ ಪುಟ್ಟೇಗೌಡ, 1991ರಲ್ಲಿ ಪುನಃ ತಾರಾದೇವಿ ಆಯ್ಕೆಯಾದರು. ತಾರಾದೇವಿಯವರು ಪಿ.ವಿ. ನರಸಿಂಹರಾವ್ ಸಂಪುಟದಲ್ಲಿ ಆರೋಗ್ಯ ಇಲಾಖೆಯ ರಾಜ್ಯ ಸಚಿವೆಯಾಗಿದ್ದರು. 1996ರಲ್ಲಿ ರಾಜ್ಯದಲ್ಲಿ ಜನತಾದಳ 16 ಸ್ಥಾನ ಗೆದ್ದಾಗ ಇಲ್ಲಿಯೂ ಆ ಪಕ್ಷದ ಬಿ.ಎಲ್. ಶಂಕರ್ ಗೆದ್ದರು.

1998ರಲ್ಲಿ ಭಾರತೀಯ ಜನತಾ ಪಕ್ಷದ ಡಿ.ಸಿ. ಶ್ರೀಕಂಠಪ್ಪ ಗೆದ್ದು, 1999 ಮತ್ತು 2004ರಲ್ಲಿಯೂ ಸ್ಥಾನ ಉಳಿಸಿಕೊಂಡರು. ಇದರಲ್ಲಿ 1999ರ ಗೆಲುವು ಗಮನಿಸಬೇಕಾದದ್ದು. ಆ ವರ್ಷ ಕಾಂಗ್ರೆಸ್ ರಾಜ್ಯದಲ್ಲಿ 18 ಸ್ಥಾನ ಗೆದ್ದು ವಿಧಾನಸೌಧವನ್ನೂ ಹಿಡಿಯಿತು, ಬಿಜೆಪಿಗೆ ದಕ್ಕಿದ್ದು ಏಳು ಮಾತ್ರ. ಆ ಏಳರಲ್ಲಿ ಚಿಕ್ಕಮಗಳೂರು ಒಂದು. ಅದೇ ಚುನಾವಣೆಯಲ್ಲಿ ಶೃಂಗೇರಿ ವಿಧಾನಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು ಗೆದ್ದು ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಸಚಿವರಾದರು. ದೆಹಲಿಗೆ ಒಂದು ಪಕ್ಷ, ಬೆಂಗಳೂರಿಗೆ ಇನ್ನೊಂದು ಪಕ್ಷ ಎಂದು ಆರಿಸುವುದು ಈ ಭಾಗಕ್ಕೆ ಹೊಸತಲ್ಲ.

ಕ್ಷೇತ್ರ ಮರುವಿಂಗಡಣೆ

2001ರ ಜನಗಣತಿಯ ಆಧಾರದ ಮೇಲೆ 2008ರಲ್ಲಿ ಜಾರಿಗೆ ಬಂದ ಮರುವಿಂಗಡಣೆಯಿಂದ ಚಿಕ್ಕಮಗಳೂರು ಕ್ಷೇತ್ರ ಇಲ್ಲವಾಗಿ ಉಡುಪಿ-ಚಿಕ್ಕಮಗಳೂರು ಎಂಬ ಹೊಸ ಕ್ಷೇತ್ರ ಬಂತು. ಉಡುಪಿ ಜಿಲ್ಲೆಯ ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಹಾಗೂ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಇದರಲ್ಲಿವೆ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲು. ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೂ, ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗಕ್ಕೂ ಹೋದವು.

ಶೃಂಗೇರಿಯಿಂದ ಕಾರ್ಕಳಕ್ಕೆ ಇಳಿಯುವ ದಾರಿಯಲ್ಲಿ ಎಸ್.ಕೆ. ಬಾರ್ಡರ್ ಎಂಬ ಜಾಗ ಸಿಗುತ್ತದೆ. ಹಳೆಯ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡಕ್ಕೂ ಗಡಿಯಾಗಿದ್ದರಿಂದ ಬಂದ ಹೆಸರು ಅದು. ಇಂದು ಆ ಗಡಿಯ ಎರಡೂ ಕಡೆಗೆ ಒಬ್ಬರೇ ಸಂಸದರು. ನಮ್ಮ ಸಮಾಜದ ದೃಷ್ಟಿಯಿಂದ ನೋಡಿದರೆ, 1432ರಲ್ಲಿ ಪ್ರತಿಷ್ಠಾಪನೆಯಾದ ಕಾರ್ಕಳದ 42 ಅಡಿಯ ಬಾಹುಬಲಿ ಸ್ವಾಮಿ, ವರಂಗದ ಕೆರೆ ಬಸದಿ ಮತ್ತು ಘಟ್ಟದ ಮೇಲಿನ ಸಿಂಹನಗದ್ದೆ ಬಸದಿ ಮೂರೂ ಈಗ ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ.

ಆದರೆ ಕರಾವಳಿಯ ಬೇಡಿಕೆ ಬೇರೆ, ಮಲೆನಾಡಿನ ಬೇಡಿಕೆ ಬೇರೆ. ಅಲ್ಲಿ ಮೀನುಗಾರಿಕೆ, ಬಂದರು, ಹೆದ್ದಾರಿ. ಇಲ್ಲಿ ಅಡಿಕೆಯ ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ ರೋಗ, ಕಾಫಿ ಮತ್ತು ಕಾಳುಮೆಣಸಿನ ಧಾರಣೆ, ಕಾಡಾನೆ ಹಾವಳಿ, ಅರಣ್ಯ ಭೂಮಿಯ ಹಕ್ಕುಪತ್ರ, ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿ. ಆ ವರದಿಯ ಕುರಿತ ಕರಡು ಅಧಿಸೂಚನೆಗಳು 2014ರಿಂದ ಮತ್ತೆ ಮತ್ತೆ ಹೊರಬಂದಿವೆ. ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಕುಟುಂಬಗಳು ನರಸಿಂಹರಾಜಪುರ ಭಾಗದಲ್ಲಿವೆ. ಮೂರೂ ತಾಲ್ಲೂಕಿನಲ್ಲಿ ರೈಲು ನಿಲ್ದಾಣವಿಲ್ಲ. ಇವುಗಳಲ್ಲಿ ಅರಣ್ಯ ಕಾನೂನು, ಅಡಿಕೆ ಆಮದು ಸುಂಕ, ರೈಲು ಮಾರ್ಗ ಮುಂತಾದವು ಕೇಂದ್ರ ಸರ್ಕಾರದ ಕೈಯಲ್ಲಿರುವ ವಿಷಯಗಳು. ಆದ್ದರಿಂದ ಸಂಸದರು ಯಾರೆಂಬುದು ಈ ತೋಟಗಳ ಮನೆಗಳಿಗೆ ದೂರದ ಮಾತಲ್ಲ.

2009ರಿಂದ ಈಚೆಗೆ

ಹೊಸ ಕ್ಷೇತ್ರದ ಫಲಿತಾಂಶಗಳು ಹೀಗಿವೆ:

2009: ಡಿ.ವಿ. ಸದಾನಂದ ಗೌಡ (ಬಿಜೆಪಿ) ಗೆಲುವು. ಕೆ. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) ವಿರುದ್ಧ ಅಂತರ 27,018.

2012 ಉಪಚುನಾವಣೆ: ಕೆ. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) ಗೆಲುವು. ವಿ. ಸುನಿಲ್ ಕುಮಾರ್ (ಬಿಜೆಪಿ) ವಿರುದ್ಧ ಅಂತರ 45,724.

2014: ಶೋಭಾ ಕರಂದ್ಲಾಜೆ (ಬಿಜೆಪಿ) ಗೆಲುವು. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) ವಿರುದ್ಧ ಅಂತರ 1,81,643.

2019: ಶೋಭಾ ಕರಂದ್ಲಾಜೆ (ಬಿಜೆಪಿ) ಗೆಲುವು. ಪ್ರಮೋದ್ ಮಧ್ವರಾಜ್ (ಜೆಡಿಎಸ್) ವಿರುದ್ಧ ಅಂತರ 3,49,599.

2024: ಕೋಟ ಶ್ರೀನಿವಾಸ ಪೂಜಾರಿ (ಬಿಜೆಪಿ) ಗೆಲುವು. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) ವಿರುದ್ಧ ಅಂತರ 2,59,175.

2011ರ ಆಗಸ್ಟ್‌ನಲ್ಲಿ ಸದಾನಂದ ಗೌಡರು ಮುಖ್ಯಮಂತ್ರಿಯಾದದ್ದರಿಂದ 2012ರ ಉಪಚುನಾವಣೆ ಬಂತು. ರಾಜ್ಯದಲ್ಲಿ ಬಿಜೆಪಿ ಸರ್ಕಾರವಿದ್ದರೂ ಕಾಂಗ್ರೆಸ್ ಗೆದ್ದಿತು. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿಯಲ್ಲಿ ಸ್ಥಾನ ಜೆಡಿಎಸ್ ಪಾಲಿಗೆ ಬಂದು, ಕಾಂಗ್ರೆಸ್ಸಿನವರಾದ ಪ್ರಮೋದ್ ಮಧ್ವರಾಜ್ ಆ ಪಕ್ಷದ ಚಿಹ್ನೆಯಲ್ಲಿ ನಿಂತಿದ್ದರು. ಶೋಭಾ ಕರಂದ್ಲಾಜೆಯವರು 2021ರಲ್ಲಿ ಕೇಂದ್ರದ ಕೃಷಿ ರಾಜ್ಯ ಸಚಿವೆಯಾದರು. ಹಳೆಯ ಮತ್ತು ಹೊಸ ಕ್ಷೇತ್ರಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ ಇಂದಿರಾ ಗಾಂಧಿ, ತಾರಾದೇವಿ, ಶೋಭಾ ಕರಂದ್ಲಾಜೆ ಎಂದು ಮೂವರು ಮಹಿಳೆಯರು ಇಲ್ಲಿಂದ ಲೋಕಸಭೆಗೆ ಹೋಗಿದ್ದಾರೆ. ಇಷ್ಟು ಮಹಿಳೆಯರನ್ನು ಕಳಿಸಿದ ಕ್ಷೇತ್ರಗಳು ರಾಜ್ಯದಲ್ಲಿ ವಿರಳ.

ಶೃಂಗೇರಿಯ ಬೇರೆ ಹಾದಿ

ಲೋಕಸಭೆಯಲ್ಲಿ ಅಂತರ ಲಕ್ಷಗಳಲ್ಲಿ ಇದ್ದರೂ ವಿಧಾನಸಭೆಯಲ್ಲಿ ಶೃಂಗೇರಿಯ ಜನ ತಕ್ಕಡಿಯನ್ನು ಸಮನಾಗಿಯೇ ಹಿಡಿದಿದ್ದಾರೆ. 1994ರಲ್ಲಿ ಇಲ್ಲಿಂದ ಗೆದ್ದ ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿ, ಅಂಕಗಳ ಆಧಾರದ ಮೇಲೆ, ಲಂಚ ವಶೀಲಿಗೆ ಎಡೆಯಿಲ್ಲದಂತೆ ನಡೆಸಿದ ಶಿಕ್ಷಕರ ನೇಮಕಾತಿಯನ್ನು ಜನ ಇಂದಿಗೂ ನೆನೆಯುತ್ತಾರೆ. 2004, 2008 ಮತ್ತು 2013ರಲ್ಲಿ ಬಿಜೆಪಿಯ ಡಿ.ಎನ್. ಜೀವರಾಜ್ ಗೆದ್ದರು. 2018ರಲ್ಲಿ ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡ 1,989 ಮತಗಳಿಂದ ಗೆದ್ದರು. ಆ ವರ್ಷ ಲೋಕಸಭಾ ಕ್ಷೇತ್ರದ ಎಂಟರಲ್ಲಿ ಏಳು ಬಿಜೆಪಿ ಪಾಲಾಗಿ, ಶೃಂಗೇರಿಯೊಂದೇ ಬೇರೆ ದಾರಿ ಹಿಡಿಯಿತು.

2023ರಲ್ಲಿ ಅಂದು ಘೋಷಣೆಯಾದ ಫಲಿತಾಂಶದಂತೆ ರಾಜೇಗೌಡರಿಗೆ 59,171, ಜೀವರಾಜ್ ಅವರಿಗೆ 58,970 ಮತ ಬಂದಿದ್ದವು. ಅಂತರ 201. ಆ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದೂ ಸ್ಥಾನ ಕಾಂಗ್ರೆಸ್ಸಿಗೆ, ಉಡುಪಿ ಜಿಲ್ಲೆಯ ಐದೂ ಸ್ಥಾನ ಬಿಜೆಪಿಗೆ ಹೋದವು. ಹೀಗೆ ಲೋಕಸಭಾ ಕ್ಷೇತ್ರದಲ್ಲಿ ಎರಡೂ ಪಕ್ಷಕ್ಕೆ ನಾಲ್ಕು ನಾಲ್ಕು ಶಾಸಕರು. ಆದರೂ ಒಂದೇ ವರ್ಷದ ನಂತರ, 2024ರ ಏಪ್ರಿಲ್ 26ರಂದು ಅದೇ ಮತದಾರರು ಬಿಜೆಪಿ ಅಭ್ಯರ್ಥಿಯನ್ನು ಎರಡೂವರೆ ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆಲ್ಲಿಸಿದರು. ಶಾಸಕರ ಲೆಕ್ಕದಿಂದ ಸಂಸದರ ಫಲಿತಾಂಶ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಚಿಕ್ಕ ಸಮಾಜದ ಮತ

ಈ ಮೂರು ತಾಲ್ಲೂಕುಗಳಲ್ಲಿ ಜೈನ ಮನೆಗಳು ಚದುರಿಕೊಂಡಿವೆ. ಮಕ್ಕಳು ಬೆಂಗಳೂರು, ಮಂಗಳೂರು, ಶಿವಮೊಗ್ಗಗಳಲ್ಲಿ ಉದ್ಯೋಗ, ವ್ಯಾಪಾರದಲ್ಲಿದ್ದಾರೆ. ನಮ್ಮ ನಾಲ್ಕು ಮತದಿಂದ ಏನಾದೀತು ಎಂಬ ಮಾತು ಸಾಮಾನ್ಯ. 201 ಮತದ ಅಂತರ ಅದಕ್ಕೆ ಉತ್ತರ. ಒಂದು ಬಸದಿಯ ವಾರ್ಷಿಕೋತ್ಸವಕ್ಕೆ ಸೇರುವ ಜನ ಅದಕ್ಕಿಂತ ಹೆಚ್ಚು. ಜೈನ ಸಮಾಜವನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು 2014ರ ಜನವರಿಯಲ್ಲಿ ಘೋಷಿಸಿದ್ದೂ ಕೇಂದ್ರದ ಅಧಿಸೂಚನೆಯಿಂದಲೇ. ಯಾವ ಪಕ್ಷಕ್ಕೆ ಎಂಬುದು ಅವರವರ ವಿವೇಚನೆ. ಪಟ್ಟಿಯಲ್ಲಿ ಹೆಸರಿರಬೇಕಾದದ್ದು ಎಲ್ಲರ ಕರ್ತವ್ಯ.

ಕುಟುಂಬದವರು ಗಮನಿಸಬೇಕಾದ ಅಂಶಗಳು:

ಮೊದಲ ಬಾರಿ ಹೆಸರು ಸೇರಿಸಲು ನಮೂನೆ 6. ವಿಳಾಸ ಬದಲಾವಣೆ ಹಾಗೂ ತಿದ್ದುಪಡಿಗೆ ನಮೂನೆ 8.

18 ವರ್ಷ ತುಂಬುವುದನ್ನು ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಈ ನಾಲ್ಕು ದಿನಾಂಕಗಳಿಗೆ ಲೆಕ್ಕ ಹಾಕಲಾಗುತ್ತದೆ.

ಎರಡು ಊರುಗಳಲ್ಲಿ ಹೆಸರಿಡುವಂತಿಲ್ಲ. ಸಾಮಾನ್ಯವಾಗಿ ವಾಸವಿರುವ ಊರಿನಲ್ಲಿ ಮಾತ್ರ ನೋಂದಣಿ.

85 ದಾಟಿದ ಹಿರಿಯರು ಮತ್ತು ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರು ನಮೂನೆ 12ಡಿ ಕೊಟ್ಟು ಮನೆಯಿಂದಲೇ ಮತ ಹಾಕಬಹುದು.

ಮಾಹಿತಿಗೆ ಮತದಾರರ ಸಹಾಯವಾಣಿ 1950. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಈಗಲೇ ಮನೆಮಂದಿಯೆಲ್ಲರ ಹೆಸರನ್ನು ಪಟ್ಟಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.