ಬೆಸ್ತನ ಹಾಡು ಏಕೆ ಬದಲಾಗಲಿಲ್ಲ? ಸ್ತ್ರಾವಿನ್‌ಸ್ಕಿಯ ‘ನೈಟಿಂಗೇಲ್’ ಅಪೆರಾದ ಶೈಲಿಭೇದ

ಇಗೊರ್ ಸ್ತ್ರಾವಿನ್‌ಸ್ಕಿಯ ‘ನೈಟಿಂಗೇಲ್’ ಅಪೆರಾದ ಮೊದಲ ಅಂಕಕ್ಕೂ ಉಳಿದೆರಡು ಅಂಕಗಳಿಗೂ ಶೈಲಿ ಕೂಡುವುದಿಲ್ಲವೆಂಬ ಮಾತಿಗೆ ಯಾರ ತಕರಾರೂ ಇಲ್ಲ. ಮೊದಲಂಕ 1909ರಲ್ಲಿ ಮುಗಿಯಿತು. ಅದರಲ್ಲಿ ಗುರು ರಿಮ್‌ಸ್ಕಿ-ಕೊರ್ಸಕೋವ್ ಮತ್ತು ಡೆಬ್ಯುಸಿ ಇಬ್ಬರ ನೆರಳೂ ಇದೆ. ಆಮೇಲೆ ‘ಫೈರ್‌ಬರ್ಡ್’, ‘ಪೆತ್ರೂಷ್ಕಾ’, ‘ರೈಟ್ ಆಫ್ ಸ್ಪ್ರಿಂಗ್’ ಬಂದವು. ಮಾಸ್ಕೋದ ಫ್ರೀ ಥಿಯೇಟರ್ ಕೇಳಿಕೊಂಡಿದ್ದರಿಂದ 1913ರಲ್ಲಿ ಕೃತಿ ಮತ್ತೆ ಕೈಗೆ ಬಂತು. ಆ ರಂಗಸಂಸ್ಥೆ ಮುಚ್ಚಿಹೋದರೂ 1914ರ ಮೇ 26ರಂದು ಪ್ಯಾರಿಸ್‌ನಲ್ಲಿ ಪ್ರದರ್ಶನ ನಡೆಯಿತು.

ಚರ್ಚೆಯಿರುವುದು ಈ ಭೇದದ ಕಾರಣದ ಬಗ್ಗೆ. ಮೊದಲಂಕ ಕಾಡಿನದು, ಮುಂದಿನದು ಚೀನೀ ಅರಮನೆಯದು, ಆದ್ದರಿಂದ ಸಂಗೀತವೂ ಬೇರೆಯಾಗಬೇಕಿತ್ತು ಎಂದು ಸಂಯೋಜಕನೇ ಆತ್ಮಕಥೆಯಲ್ಲಿ ಸಮರ್ಥಿಸಿಕೊಂಡಿದ್ದಾನೆ. ಎರಡನೆಯ ಅಂಕದ ಆರಂಭದ ಗಡಿಬಿಡಿಗೆ, ಪಂಚಸ್ವರಗಳ ಚೀನೀ ಮೆರವಣಿಗೆಗೆ ಈ ಸಮರ್ಥನೆ ಸಲ್ಲುತ್ತದೆ. ಇಡೀ ಕೃತಿಗೆ ಸಲ್ಲದು.

ಹಕ್ಕಿಯನ್ನೇ ನೋಡೋಣ. ಅದು ಕಾಡಿನದು. ಅರಮನೆಗೆ ಬರುವ ಯಂತ್ರದ ಹಕ್ಕಿಯೆದುರು ಅದರ ನಿಜದನಿ ಎದ್ದು ಕಾಣಬೇಕೆಂಬುದೇ ಅಪೆರಾಕ್ಕೆ ಆಧಾರವಾದ ಆಂಡರ್ಸನ್ ಕಥೆಯ ಜೀವ. ಸ್ಥಳವೇ ಶೈಲಿಯನ್ನು ನಿರ್ಧರಿಸಿದ್ದರೆ ಅದು ಅರಮನೆಗೆ ಕಾಡಿನ ಸಂಗೀತವನ್ನೇ ತರಬೇಕಿತ್ತು. ಆದರೆ ಚಕ್ರವರ್ತಿಯೆದುರು ಅದು ಹಾಡುವುದು ಹೊಸ ಭಾಷೆಯಲ್ಲಿ. ಮೊದಲಂಕದಲ್ಲಿ ಹಾಡುವ ಅದೇ ಕಾಡಿನ ಬೆಸ್ತನ ರಾಗವಾದರೋ ಎರಡು ಮತ್ತು ಮೂರನೆಯ ಅಂಕಗಳ ಕೊನೆಯಲ್ಲಿ ಗುರುತು ಕೆಡದೆ ಮರಳುತ್ತದೆ. ಕಾಡಿನ ಇಬ್ಬರಲ್ಲಿ ಒಬ್ಬರಷ್ಟೇ ಬದಲಾದರೆ, ಕಾರಣ ಸ್ಥಳವಲ್ಲ, ಕಾಲ.

ಆದ್ದರಿಂದ, ತನ್ನ ಹಳೆಯ ಶೈಲಿಯಿಂದ ಎಷ್ಟು ದೂರ ಬಂದಿದ್ದೇನೆಂಬ ಅರಿವಿನಿಂದಲೇ ಸ್ತ್ರಾವಿನ್‌ಸ್ಕಿ ಬೆಸ್ತನ ಹಾಡನ್ನು ಮುಟ್ಟದೆ ಉಳಿಸಿಕೊಂಡನೆಂದು ನನ್ನ ಊಹೆ. ಇದನ್ನು ಊಹೆಯೆಂದೇ ಮಂಡಿಸುತ್ತೇನೆ. ಏಕೆಂದರೆ ಮೊದಲಂಕದಲ್ಲೂ ಹಕ್ಕಿಯ ದನಿ ಬೆಸ್ತನದಕ್ಕಿಂತ ಹೆಚ್ಚು ಬಳುಕುತ್ತದೆ. ಪಲ್ಲವಿಯಂತೆ ಮರಳುವ ಹಾಡು ಬದಲಾಗದಿರುವುದೂ ರಂಗಭೂಮಿಯಲ್ಲಿ ವಾಡಿಕೆ. ಆದರೂ 1917ರ ‘ನೈಟಿಂಗೇಲ್‌ನ ಹಾಡು’ ಎಂಬ ವಾದ್ಯವೃಂದ ಕೃತಿ ಈ ಊಹೆಗೆ ಬಲ ಕೊಡುತ್ತದೆ. ಅದಕ್ಕೆ ಅವನು ಆಯ್ದುಕೊಂಡದ್ದು ಕೊನೆಯ ಎರಡಂಕಗಳನ್ನು. ಅರಮನೆಯ ನೆಪ ಅವನಿಗೇ ಸಾಕೆನಿಸಿದ್ದರೆ ಮೊದಲಂಕವನ್ನು ಬಿಡುವ ಅಗತ್ಯವಿರಲಿಲ್ಲ. ಅಲ್ಲಿಯೂ ಬೆಸ್ತನ ರಾಗ ತುತ್ತೂರಿಯಲ್ಲಿ ಉಳಿದಿದೆ.

ಆ ರಾಗ ಮರಳಬೇಕೆಂಬ ಯೋಚನೆ ಸಹಲೇಖಕ ಮೀತುಸೋವ್ ಜೊತೆ ಕಥಾಹಂದರ ಹೆಣೆದಾಗಲೇ ಇತ್ತೋ, 1913ರಲ್ಲಿ ಹುಟ್ಟಿತೋ ಎಂಬುದನ್ನು ಅಚ್ಚಾದ ಸ್ವರಲಿಪಿಯೊಂದರಿಂದಲೇ ತೀರ್ಮಾನಿಸಲಾಗದು. ಅದಕ್ಕೆ ಕರಡುಗಳನ್ನು ಕಾಲಾನುಕ್ರಮದಲ್ಲಿಟ್ಟು ಓದಬೇಕು.