ಮಟ್ಟು ಮುಂದು, ಪದ ಹಿಂದು: ಕೊಪ್ಪಳ ಸೀಮೆಯ ಪದಕಾರರ ಸಂಗೀತ ಮೂಲಗಳು

ಉತ್ತರ ಕರ್ನಾಟಕದ ಭಜನಾ ಮೇಳಗಳವರ ಕೈಬರಹದ ಪದದ ವಹಿಗಳನ್ನು ತೆರೆದು ನೋಡಿದವರಿಗೆ, ಹಾಡುಗಳ ನೆತ್ತಿಯ ಮೇಲೆ ಒಂದು ಸಣ್ಣ ಸಾಲು ಕಣ್ಣಿಗೆ ಬೀಳುತ್ತದೆ. ಇಂಥ ಹಾಡಿನ ‘ಧಾಟಿ’ ಎಂದೋ, ‘ಚಾಲ’ ಎಂದೋ, ‘ಮಟ್ಟು’ ಎಂದೋ ಅಲ್ಲಿ ಬರೆದಿರುತ್ತದೆ. ಕೆಲವೊಮ್ಮೆ ಮೂಲ ಹಾಡಿನ ಹೆಸರೂ ಇರುವುದಿಲ್ಲ. ‘ಅಲಾಯಿ ಧಾಟಿ’, ‘ಚೌಡಿಕಿ ಮಟ್ಟು’, ‘ನಾಟಕದ ಧಾಟಿ’ ಎಂಬಷ್ಟೇ ಸೂಚನೆ. ಹಾಡುವವನಿಗೆ ಅಷ್ಟು ಸಾಕು. ಆದರೆ ಅದೇ ವಹಿಯ ಹಾಡುಗಳು ಸಂಪಾದನೆಗೊಂಡು ಅಚ್ಚಾಗುವಾಗ ಹೆಚ್ಚಿನ ಸಂಕಲನಗಳಲ್ಲಿ ಮೊದಲು ಕಣ್ಮರೆಯಾಗುವುದು ಈ ಸಾಲು. ಪಾಠಾಂತರಗಳು ಅಡಿಟಿಪ್ಪಣಿಗೆ ಸೇರುತ್ತವೆ, ಅಂಕಿತದ ಬಗ್ಗೆ ಚರ್ಚೆ ನಡೆಯುತ್ತದೆ. ಮಟ್ಟಿನ ಸೂಚನೆ ಮಾತ್ರ ಹಾಡಿನ ಹೊರಗಿನ ಸಂಗತಿಯೆಂಬಂತೆ ಬಿಟ್ಟುಹೋಗುತ್ತದೆ.

ಈ ಸಾಲು ಹಾಡಿನ ಹೊರಗಿನದಲ್ಲ, ಹಾಡಿನ ಹುಟ್ಟಿನ ದಾಖಲೆ ಎಂಬುದು ಪ್ರಸ್ತುತ ಲೇಖನದ ವಾದ. ಪದಕಾರ ಮೊದಲು ಕೇಳುಗ, ಆಮೇಲೆ ಕವಿ. ಅವನ ಕಿವಿಗೆ ಬಿದ್ದ ಸಂಗೀತ ಯಾವುದು, ಅದು ಯಾವ ಕೇರಿಯಿಂದ, ಯಾವ ಭಾಷೆಯಿಂದ, ಯಾವ ಹಬ್ಬದಿಂದ ಬಂದಿತು ಎಂಬುದನ್ನು ಹೇಳುವ ಲಿಖಿತ ಸಾಕ್ಷ್ಯ ಇದೊಂದೇ. ಇದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸಲು ಇಲ್ಲಿ ಪ್ರಯತ್ನಿಸಲಾಗಿದೆ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಇದ್ದ ತಾಲ್ಲೂಕುಗಳು ಈ ನಾಲ್ಕೇ. ಕುಕನೂರು, ಕಾರಟಗಿ, ಕನಕಗಿರಿಗಳು ಅನಂತರ ರೂಪುಗೊಂಡವು. ಲೇಖನದುದ್ದಕ್ಕೂ ಹಳೆಯ ಗಡಿಗಳನ್ನೇ ಇಟ್ಟುಕೊಂಡಿದ್ದೇನೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನು ಹೆಸರಿಸುತ್ತದೆ. ಈ ಮಾತನ್ನು ಕೊಪ್ಪಳದ ಬಗ್ಗೆ ಬರೆಯುವವರೆಲ್ಲ ನೆನೆಯುತ್ತಾರೆ. ಅದೇ ಕೃತಿ ಚತ್ತಾಣ, ಬೆದಂಡೆಗಳೆಂಬ ದೇಸಿ ರೂಪಗಳನ್ನೂ ಹೆಸರಿಸುತ್ತದೆ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಅವು ಹಾಡಿಕೆಗೆ ಹೊಂದಿಕೊಂಡ ರೂಪಗಳಾಗಿದ್ದವೆಂದು ಛಂದಸ್ಸಿನ ವಿದ್ವಾಂಸರು ಊಹಿಸಿದ್ದಾರೆ. ಮುಂದೆ ಬಂದ ಸಾಂಗತ್ಯವೆಂಬ ಹೆಸರಿನಲ್ಲಂತೂ ವಾದ್ಯದ ಸಂಗವೇ ಅಡಗಿದೆ. ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗದಲ್ಲಿದ್ದು, 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಎದುರಾಗಿ ಮಡಿದ ಕುಮಾರರಾಮನ ಕಥೆಯನ್ನು ಹದಿನಾರನೆಯ ಶತಮಾನದಲ್ಲಿ ನಂಜುಂಡಕವಿ ಬರೆದದ್ದು ಸಾಂಗತ್ಯದಲ್ಲಿಯೇ. ಚಂಪುವಿನ ಮಾರ್ಗವೂ ಷಟ್ಪದಿಯ ಮಾರ್ಗವೂ ಅವನ ಮುಂದಿದ್ದವು. ಆದರೆ ಜನರು ಹಾಡಿಕೊಂಡು ಬಂದ ವೀರನ ಕಥೆಗೆ ಹಾಡಿನ ಮಟ್ಟೇ ಒದಗಿತು.

ಅದೇ ಕುಮಾರರಾಮನನ್ನು ನಮ್ಮ ಕಾಲದಲ್ಲಿ ಹಾಡಿದವರು ನದಿಯಾಚೆಯ ದರೋಜಿಯ ಬುರ್ರಕಥಾ ಈರಮ್ಮನವರು. 2014ರಲ್ಲಿ ತೀರಿಕೊಂಡ ಈ ಮಹಾಗಾಯಕಿ ಬುಡ್ಗಜಂಗಮ ಸಮುದಾಯದವರು. ಆ ಸಮುದಾಯದ ಮನೆಮಾತು ತೆಲುಗು, ಇಲ್ಲಿಯ ಹಾಡುಮಾತು ಕನ್ನಡ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ, 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ಶಿಳ್ಳೇಕ್ಯಾತರ ಅವರ ಸಮುದಾಯದ ಸ್ಥಿತಿಯೂ ಇಂಥದೇ: ಮನೆಯೊಳಗೆ ಮರಾಠಿಯ ಒಂದು ಉಪಭಾಷೆ, ಪರದೆಯ ಹಿಂದೆ ಕನ್ನಡ. ಊರೂರು ತಿರುಗುವ ಈ ವೃತ್ತಿಗಾಯಕರನ್ನು ಕಥೆಗಳ ವಾಹಕರೆಂದು ನಮ್ಮ ಅಧ್ಯಯನಗಳು ಗುರುತಿಸಿವೆ. ಅವರು ಮಟ್ಟುಗಳ ವಾಹಕರೂ ಹೌದು. ಎರಡು ಭಾಷೆಗಳಲ್ಲಿ ಬದುಕುವವರ ಬಾಯಲ್ಲಿ ಸ್ವರ ಯಾವ ಭಾಷೆಯದೂ ಆಗಿರುವುದಿಲ್ಲ. ಹಾಗಾಗಿಯೇ ಅದು ಒಂದು ಭಾಷೆಯ ಹಾಡಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಈ ಭಾಗದ ಉಚ್ಚಾರದಲ್ಲಿ ‘ಧಾಟಿ’ ಎಂಬುದು ‘ದಾಟಿ’ ಎಂದೇ ಕೇಳಿಸುವುದು ಆಕಸ್ಮಿಕವಿರಬಹುದು, ಆದರೆ ಅರ್ಥಕ್ಕೆ ಒಪ್ಪುವಂತಿದೆ.

ಮಟ್ಟು ಪದವನ್ನು ಹೇಗೆ ಆಳುತ್ತದೆ ಎಂಬುದಕ್ಕೆ ತ್ರಿಪದಿಗಿಂತ ಉತ್ತಮ ನಿದರ್ಶನವಿಲ್ಲ. ಬರೆಹದಲ್ಲಿ ಅದು ಮೂರು ಸಾಲು. ಹಾಡಿಕೆಯಲ್ಲಿ ಎರಡನೆಯ ಸಾಲು ಮರುಕಳಿಸಿ ನಾಲ್ಕಾಗುತ್ತದೆ. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳಿಗೆ ಆ ಮರುಕಳಿಕೆ ಅಲಂಕಾರವಲ್ಲ, ಬಿಡುವು. ಬಾಯಿ ಹಳೆಯ ಸಾಲನ್ನು ತಿರುಗಿ ಹೇಳುತ್ತಿರುವಾಗ ಮನಸ್ಸು ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತದೆ. ತ್ರಿಪದಿಯ ಕೊನೆಯ ಸಾಲಿನಲ್ಲಿ ಅನಿರೀಕ್ಷಿತವಾದ ತಿರುವು ಬರುವುದರ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ. ಈ ಹೆಣ್ಣುಮಕ್ಕಳ ಸಂಗೀತವನ್ನು ಪಂಡಿತ ಪರಂಪರೆಯೂ ಆಲಿಸಿತು. ನೆರೆಯ ಮಾನ್ವಿಯ ಜಗನ್ನಾಥದಾಸರು (1728–1809) ವೇದಾಂತದ ತತ್ತ್ವಗಳನ್ನು ತ್ರಿಪದಿಯಲ್ಲಿ ಬರೆದು ಆ ಕೃತಿಗೆ ‘ತತ್ತ್ವಸುವ್ವಾಲಿ’ ಎಂದು ಹೆಸರಿಟ್ಟರು. ಸುವ್ವಿ ಎಂಬುದು ಒರಳಿನ ಮುಂದಿನ ಸೊಲ್ಲು, ಭತ್ತ ಕುಟ್ಟುವವರ ಉಸಿರು. ವ್ಯಾಸರಾಯರ ವೃಂದಾವನವಿರುವ ಆನೆಗೊಂದಿಯ ನವವೃಂದಾವನದಿಂದ ಮಾನ್ವಿಯವರೆಗೆ ಹರಡಿದ ದಾಸಪರಂಪರೆಯನ್ನು ತತ್ತ್ವದ ದೃಷ್ಟಿಯಿಂದ ವಿಪುಲವಾಗಿ ಚರ್ಚಿಸಲಾಗಿದೆ. ದಾಸರು ಒರಳುಕಲ್ಲಿಗೆ ಸಲ್ಲಿಸಬೇಕಾದ ಋಣವನ್ನು ಅವರೇ ಕೃತಿಯ ಹೆಸರಿನಲ್ಲಿ ಬರೆದಿಟ್ಟಿದ್ದಾರೆ.

ಈ ಸೀಮೆಯ ಪದಕಾರರ ಮೇಲೆ ಅತ್ಯಂತ ಗಾಢವಾದ ಪ್ರಭಾವ ಬೀರಿದ್ದು ಮೊಹರಮ್ಮಿನ ಸಂಗೀತವೆಂದು ನನ್ನ ತಿಳಿವಳಿಕೆ. ಕೊಪ್ಪಳ, ಯಲಬುರ್ಗಾ ಪ್ರದೇಶಗಳು ನಿಜಾಮ ಸಂಸ್ಥಾನದಲ್ಲಿ ಸಾಲಾರ್‌ಜಂಗ್ ಮನೆತನದ ಜಹಗೀರಾಗಿದ್ದವು. ಆದರೆ ಹಳ್ಳಿಯ ಮೊಹರಮ್ ಆಳುವವರ ಆಸರೆಯಿಂದ ಬೆಳೆದ ಹಬ್ಬವಲ್ಲ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಕೂಡ ಅಲಾಯಿ ಕುಣಿ ತೆಗೆಯುತ್ತಾರೆ, ಪಂಜಾಗಳನ್ನು ಕೂರಿಸುತ್ತಾರೆ, ಹಲಗೆ ತಾಷಾಗಳ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ಕುರುಬರು, ನಾಯಕರು, ಲಿಂಗಾಯತರು, ಮಾದಿಗರು ಎಲ್ಲರೂ ಆ ಮೇಳಗಳಲ್ಲಿರುತ್ತಾರೆ. ಕ್ರಿ.ಶ. 680ರ ಕರ್ಬಲಾ ಯುದ್ಧದ ದುಃಖವನ್ನು ಹೇಳುವ ರಿವಾಯತ ಪದಗಳು ಕನ್ನಡದಲ್ಲಿಯೇ ಹುಟ್ಟಿದವು. ನೆರೆಯ ಮುದಗಲ್ಲಿನ ಮೊಹರಮ್ ಈ ಇಡೀ ಪ್ರದೇಶವನ್ನು ಸೆಳೆಯುವ ಕೇಂದ್ರ. ಅಲ್ಲಿ ಕೇಳಿಬಂದ ಹೊಸ ಧಾಟಿ ಕುಷ್ಟಗಿಯ ಹಳ್ಳಿಗಳಿಗೆ ತಲುಪಲು ಹೆಚ್ಚು ಕಾಲ ಬೇಕಿಲ್ಲ.

ರಿವಾಯತದ ಹಾಡಿಕೆಯಲ್ಲಿ ಎರಡು ಗುಂಪು. ಒಂದು ಗುಂಪು ಎಳೆದು ನಿಲ್ಲಿಸಿದ ಸ್ವರವನ್ನು ಇನ್ನೊಂದು ಗುಂಪು ಹಿಡಿಯಬೇಕು. ಹೀಗಾಗಿ ಪದಕಾರನು ಸಾಲಿನ ಕೊನೆಗೆ ದೀರ್ಘಸ್ವರವನ್ನೇ ಇಡುತ್ತಾನೆ. ಎಳೆಯಲಾಗದ ಶಬ್ದ ಎಷ್ಟು ಅರ್ಥವತ್ತಾಗಿದ್ದರೂ ಅಲ್ಲಿ ನಿಲ್ಲುವುದಿಲ್ಲ. ಈ ಕಟ್ಟುಪಾಡು ಒಂದು ಬಗೆಯ ಶೋಕದ ಭಾಷೆಯನ್ನೇ ಸೃಷ್ಟಿಸಿತು. ಕೂಗಿ ಕರೆಯುವ ಸಂಬೋಧನೆಗಳು, ತಾಯಿಯ ಪ್ರಲಾಪ, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಅದರ ಸಾಮಗ್ರಿ. ಆ ಧಾಟಿಯಲ್ಲಿಯೇ ಅಭಿಮನ್ಯುವಿನ ಮರಣವನ್ನೂ, ಬರಗಾಲದ ಗೋಳನ್ನೂ ಕಟ್ಟಿದಾಗ ಧಾಟಿಯೊಡನೆ ಈ ಭಾಷೆಯೂ ಬರುತ್ತದೆ. ಚಕ್ರವ್ಯೂಹದ ಮುಂದೆ ಅಳುವ ಸುಭದ್ರೆಯ ಮಾತಿನಲ್ಲಿ ಫಾತಿಮಾಳ ದನಿ ಕೇಳಿಸುವುದು ಹೀಗೆ. ಇದನ್ನು ಭಾವೈಕ್ಯವೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಆ ಪದಕಾರನು ಐಕ್ಯವನ್ನು ಸಾರಲು ಹೊರಟವನಲ್ಲ. ಅಳುವುದಕ್ಕೆ ತನ್ನ ಊರಿನಲ್ಲಿ ದೊರೆತ ಅತ್ಯುತ್ತಮ ಸಂಗೀತವನ್ನು ಆರಿಸಿಕೊಂಡ ಕಸುಬುದಾರ.

ತುಂಗಭದ್ರೆಯ ದಂಡೆಯ ಹುಲಿಗಿಯಲ್ಲಿ ಕೇಳಿಬರುವ ಸಂಗೀತ ಬೇರೆ. ಹುಲಿಗೆಮ್ಮನ ಜೋಗತಿಯರ ಕೈಯ ಚೌಡಿಕೆಗೆ ಒಂದೇ ತಂತಿ. ಮೀಟಿದಂತೆಲ್ಲ ಅದರ ದನಿ ಏರಿ ಬಾಗಿ ಇಳಿಯುತ್ತದೆ. ಆ ಬಾಗುವಿಕೆಗೆ ಎಡೆಗೊಡಲು ಸಾಲುಗಳು ಗಿಡ್ಡವಾಗುತ್ತವೆ, ನಡುವೆ ಅರ್ಥವಿಲ್ಲದ ತುಂಬುಸೊಲ್ಲುಗಳು ಸೇರುತ್ತವೆ. ಅಚ್ಚಿನಲ್ಲಿ ಓದಿದರೆ ಚೌಡಿಕೆ ಪದಗಳು ಬಡವಾಗಿ ಕಾಣುವುದಕ್ಕೆ ಇದೇ ಕಾರಣ. ಅರ್ಧ ಹಾಡು ತಂತಿಯಲ್ಲಿಯೇ ಉಳಿದಿರುತ್ತದೆ. ಮಂಜಮ್ಮ ಜೋಗತಿಯವರಿಗೆ ಮುತ್ತು ಕಟ್ಟಿದ್ದು ಹುಲಿಗೆಮ್ಮನ ಸನ್ನಿಧಿಯಲ್ಲಿ. ಅವರು ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರಿಂದ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಸಮಾಜದ ಅಂಚಿಗೆ ತಳ್ಳಲ್ಪಟ್ಟವರ ಸಂಗೀತಕ್ಕೆ ದೊರೆತ ಮನ್ನಣೆ ಅದು. ಆದರೆ ಚೌಡಿಕಿ ಮಟ್ಟಿನಲ್ಲಿ ಭಕ್ತಿಗೀತೆ ಬರೆದ ಎಷ್ಟೋ ಕವಿಗಳ ಪುಸ್ತಕಗಳಲ್ಲಿ ಜೋಗತಿಯರ ಸುಳಿವೂ ಇಲ್ಲ.

ಪಶ್ಚಿಮಕ್ಕೆ, ಯಲಬುರ್ಗಾದ ಕಡೆ ಬಂದರೆ ಗದಗಿನ ಗಾಳಿ. ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು; 1880ರಲ್ಲಿ ಅವರ ‘ಸಂಗೀತ ಶಾಕುಂತಲ’ ಮರಾಠಿ ರಂಗಭೂಮಿಯನ್ನು ಹಾಡಿನ ರಂಗಭೂಮಿಯಾಗಿಸಿತು. ಮರಾಠಿ ನಾಟಕದ ಅಚ್ಚಿನ ಪ್ರತಿಗಳು ಪದಗಳ ಮೇಲೆ ‘ಚಾಲ’ವನ್ನು ನಮೂದಿಸುತ್ತಿದ್ದವು, ಅವುಗಳಲ್ಲಿ ಕನ್ನಡದ ಮಟ್ಟುಗಳೂ ಇದ್ದವು. ಗದಗಿನ ಶಾಂತಕವಿಗಳ (1856–1920) ಕಾಲದಿಂದ ಕನ್ನಡ ವೃತ್ತಿರಂಗಭೂಮಿ ಬೆಳೆದಂತೆ, ಅದೇ ಸಂಗೀತ ಹಾರ್ಮೋನಿಯಮ್ಮಿನ ಮೇಲೇರಿ ತಿರುಗಿ ಕನ್ನಡಕ್ಕೆ ಬಂತು. ಕೊಟ್ಟದ್ದೇ ಬಡ್ಡಿಸಮೇತ ಮರಳಿತು ಎನ್ನಬಹುದು. ವೃತ್ತಿನಾಟಕದ ಕಲಾವಿದರ ಊರೆನಿಸಿದ ಕುಕನೂರಿನ ಸುತ್ತಮುತ್ತ ಈ ನಾಟಕದ ಧಾಟಿಗಳು ಭಜನೆಗೂ ದೊಡ್ಡಾಟಕ್ಕೂ ಇಳಿದವು. ಪಂಚಾಕ್ಷರಿ ಗವಾಯಿಗಳ (1892–1944) ಮತ್ತು ಪುಟ್ಟರಾಜ ಗವಾಯಿಗಳ (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗಾಯಕರು ಊರ ಮಠಗಳ ಪುರಾಣ ಪ್ರವಚನಗಳಿಗೆ ಹಾರ್ಮೋನಿಯಂ, ತಬಲಾ ಸಾಥಿಗಾರರಾಗಿ ಬಂದರು. ಭೀಮಪಲಾಸ, ಭೈರವಿಗಳು ಹಳ್ಳಿಯ ಪದಕಾರನಿಗೆ ತಲುಪಿದ್ದು ಈ ದಾರಿಯಿಂದ. ಇದೇ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಪುರಾಣ ಪರಂಪರೆಯ ಮನೆತನದವರು. ‘ಕಾವ್ಯಾನಂದ’ರ ಮುದ್ರಿತ ಕವಿತೆಯ ಸರಾಗವಾದ ಲಯದ ಹಿಂದೆ ಬಾಲ್ಯದಲ್ಲಿ ಕೇಳಿದ ಷಟ್ಪದಿಯ ವಾಚನವನ್ನು ಗುರುತಿಸುವುದು ಅಸಂಗತವಾಗಲಾರದು.

ಗಂಗಾವತಿಯ ಕಿವಿಯನ್ನು ಬದಲಿಸಿದ್ದು ನೀರು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಅವರ ಬೆನ್ನಿಗೆ ತೆಲುಗಿನ ಭಜನೆ, ಕೋಲಾಟ, ಸಿನಿಮಾ ಹಾಡುಗಳು ಬಂದವು. ನಾಟಿ ಹಚ್ಚುವ ಕೂಲಿಕಾರ ಹೆಂಗಸರ ಹಾಡುಗಳಲ್ಲಿ ಎರಡು ಭಾಷೆಗಳ ಮಟ್ಟು ಬೆರೆಯಿತು. ಎಪ್ಪತ್ತರ ದಶಕದ ಅನಂತರ ದಲಿತ ಮತ್ತು ರೈತ ಕೂಲಿಕಾರರ ಚಳುವಳಿಗಳು ಈ ಭಾಗಕ್ಕೆ ಬಂದಾಗ, ಸಿದ್ಧಲಿಂಗಯ್ಯನವರ ಹಾಡುಗಳ ಜೊತೆಗೆ ಗದ್ದರ್ ಅವರ ತೆಲುಗು ಧಾಟಿಗಳೂ ಕಾರ್ಯಕರ್ತರ ಬಾಯಿಗೆ ಬಂದದ್ದು ಸಹಜವಾಗಿತ್ತು. ಗದ್ದರ್ (ನಿಧನ 2023) ಆ ಧಾಟಿಗಳನ್ನು ಪಡೆದದ್ದು ಒಗ್ಗುಕಥೆ, ಬುರ್ರಕಥೆಗಳಂಥ ಪರಂಪರೆಗಳಿಂದ. ಹೀಗೆ ಅಲೆಮಾರಿಗಳ ಮಟ್ಟು ಕ್ರಾಂತಿಗೀತೆಯಾಗಿ ಅಲೆಮಾರಿಗಳ ಸೀಮೆಗೇ ಹಿಂತಿರುಗಿತು. ತೊಂಬತ್ತರ ದಶಕದ ಸಾಕ್ಷರತಾ ಜಾಥಾಗಳ ಹಾಡುಗಳೂ ಜನಪದ ಮಟ್ಟುಗಳನ್ನೇ ನೆಚ್ಚಿಕೊಂಡವು. ಅವುಗಳಲ್ಲಿ ಹೆಚ್ಚಿನವು ಜಾಥಾದೊಡನೆ ಮುಗಿದವು.

ಕ್ಯಾಸೆಟ್ಟಿನ ಪ್ರಭಾವ ಮಾತ್ರ ಇವೆಲ್ಲಕ್ಕಿಂತ ಭಿನ್ನ. ಶಿಶುನಾಳ ಷರೀಫರ (1819–1889) ತತ್ತ್ವಪದಗಳಿಗೆ ಸಿ. ಅಶ್ವತ್ಥ್ ಅವರು ಮಾಡಿದ ಸಂಯೋಜನೆಗಳು, ವಿಶೇಷವಾಗಿ 1990ರ ‘ಸಂತ ಶಿಶುನಾಳ ಷರೀಫ’ ಚಲನಚಿತ್ರದ ಅನಂತರ, ಹಳ್ಳಿಯ ಭಜನಾ ಮೇಳಗಳನ್ನೂ ತಲುಪಿದವು. ಅಶ್ವತ್ಥರ ದೊಡ್ಡ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಅವರಿಂದಾಗಿಯೇ ಷರೀಫರು ನಾಡಿನ ಮನೆಮಾತಾದರು. ಆದರೆ ಒಂದೇ ಪದವನ್ನು ಏಕತಾರಿಯ ಮೇಲೆ ಊರಿಗೊಂದು ಬಗೆಯಲ್ಲಿ ಹಾಡುತ್ತಿದ್ದಲ್ಲಿ ಈಗ ಒಂದೇ ಧಾಟಿ ಕೇಳಿಸುತ್ತದೆ. ಹಿಂದಿನ ಪ್ರಭಾವಗಳೆಲ್ಲ ಒಂದು ಮಟ್ಟಿನಿಂದ ಹತ್ತು ಪದಗಳನ್ನು ಹುಟ್ಟಿಸಿದವು. ಇದು ಒಂದು ಪದದ ಹತ್ತು ಮಟ್ಟುಗಳನ್ನು ಒಂದಾಗಿಸಿತು.

ವಹಿಯ ನೆತ್ತಿಯ ಸಾಲಿನ ಮಹತ್ವ ಇಲ್ಲಿ ಹೆಚ್ಚುತ್ತದೆ. ಧ್ವನಿಮುದ್ರಣದ ಅನುಕೂಲವಿಲ್ಲದ ದಿನಗಳಲ್ಲಿ ‘ಗರತಿಯ ಹಾಡು’ (1931) ಹೊರತಂದ ಹಲಸಂಗಿಯ ಗೆಳೆಯರಿಗೆ ಮಾತನ್ನು ಉಳಿಸುವುದೇ ದೊಡ್ಡ ಕೆಲಸವಾಗಿತ್ತು. ಇಂದಿನ ಸಂಪಾದಕನಿಗೆ ಆ ಕಾರಣವಿಲ್ಲ. ಮಟ್ಟಿನ ಸೂಚನೆಯನ್ನು ಅಳಿಸಿದಾಗ ಪದಕಾರನ ಸ್ವಂತಿಕೆ ಹೆಚ್ಚಿದಂತೆ ಕಾಣುತ್ತದೆ. ಅವನಿಗೆ ಸಂಗೀತ ಕೊಟ್ಟ ಅಲಾಯಿ ಮೇಳದವರು, ಜೋಗತಿಯರು, ಹಲಗೆಯವರು, ಬೀಸುವ ಹೆಣ್ಣುಮಕ್ಕಳು ಚರಿತ್ರೆಯಿಂದ ಹೊರಗಾಗುತ್ತಾರೆ. ಪದಕಾರರು ತಾವೇ ಈ ಋಣವನ್ನು ಮುಚ್ಚಿಟ್ಟಿರಲಿಲ್ಲ ಎಂಬುದು ಗಮನಾರ್ಹ. ಶ್ರಾವಣದ ಶಿವಭಜನೆಯ ಮೇಲೆ ‘ಅಲಾಯಿ ಧಾಟಿ’ ಎಂದು ಬರೆಯಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ವಹಿಗಳ ಕಾಗದ ಈಗ ಪುಡಿಯಾಗುತ್ತಿದೆ. ಅನೇಕ ವಹಿಗಳಲ್ಲಿ ಧಾಟಿಯ ಸಾಲು ಉಳಿದಿದ್ದರೂ ಅದು ಸೂಚಿಸುವ ಮೂಲ ಹಾಡನ್ನು ಬಲ್ಲವರು ಆ ಊರಿನ ಒಬ್ಬಿಬ್ಬರು ಹಿರಿಯರು ಮಾತ್ರ. ನಾಲ್ಕೂ ತಾಲ್ಲೂಕುಗಳ ಧಾಟಿಸೂಚನೆಗಳ ಒಂದು ಪಟ್ಟಿ, ಅದರ ಎದುರಿಗೆ ಆ ಹಿರಿಯರ ದನಿಯಲ್ಲಿ ಮೂಲ ಹಾಡಿನ ಮುದ್ರಣ, ಅವರ ಕೇರಿ ಮತ್ತು ಗುರುವಿನ ವಿವರ, ಇಷ್ಟನ್ನು ಸಿದ್ಧಪಡಿಸಲು ಒಂದು ಮೊಹರಮ್, ಒಂದು ಶ್ರಾವಣ ಮತ್ತು ಒಂದು ಹುಲಿಗಿ ಜಾತ್ರೆಯ ಕ್ಷೇತ್ರಕಾರ್ಯದಿಂದ ಆರಂಭಿಸಬಹುದು.